ಡಿಸ್ಕ್ ಕಾಣದಿದ್ದಾಗ

ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ವಿಂಡೋಸನ್ನು ಸ್ಥಾಪಿಸಲು ಕುಳಿತವರು, ಭಾಷೆಯನ್ನೂ ಕೀಲಿಮಣೆಯನ್ನೂ ಆರಿಸಿ, ನಿಬಂಧನೆಗಳಿಗೆ ಸಮ್ಮತಿಯಿತ್ತು, ಎಲ್ಲಿ ಸ್ಥಾಪಿಸಬೇಕೆಂದು ಕೇಳುವ ಪುಟಕ್ಕೆ ಬಂದಾಗ, ಅಲ್ಲಿ ಡಿಸ್ಕುಗಳ ಪಟ್ಟಿಯೇ ಬರಿದಾಗಿರುವುದನ್ನು ಕಂಡು ಗಾಬರಿಗೊಳ್ಳುವುದುಂಟು. ಡಿಸ್ಕ್ ಕೆಟ್ಟಿತೆಂದು ನಿಶ್ಚಯಿಸಿ ಒಡನೆಯೇ ಅಂಗಡಿಗೆ ಹೊರಡುವುದು ಆ ಹೊತ್ತಿಗೆ ಸಹಜವಾದರೂ ವಿವೇಕವಲ್ಲ. ಏಕೆಂದರೆ ಅನೇಕ ಸಂದರ್ಭಗಳಲ್ಲಿ ಡಿಸ್ಕ್ ಸ್ವಸ್ಥವಾಗಿಯೇ ಇದ್ದು, ಕೊರತೆಯಿರುವುದು ಸ್ಥಾಪಿಸಲು ಬಂದ ತಂತ್ರಾಂಶದ ತಿಳಿವಿನಲ್ಲಿ.

ಇದರ ಕಾರಣವನ್ನು ವಿಚಾರಿಸೋಣ. ಪೆನ್‌ಡ್ರೈವಿನಿಂದ ಎದ್ದು ಬರುವ ಸ್ಥಾಪಕವು ತಾನೇ ಒಂದು ಕಿರಿಯ ಕಾರ್ಯಾಚರಣ ವ್ಯವಸ್ಥೆ. ಡಿಸ್ಕಿನೊಡನೆ ಅದು ನೇರವಾಗಿ ವ್ಯವಹರಿಸಲಾರದು. ನಡುವೆ ನಿಯಂತ್ರಕವೆಂಬ ಯಂತ್ರಾಂಶವುಂಟು, ಆ ನಿಯಂತ್ರಕದ ಭಾಷೆಯನ್ನು ಬಲ್ಲ ದುಭಾಷಿಯೇ ಡ್ರೈವರ್. ಸ್ಥಾಪಕವನ್ನು ಸಿದ್ಧಪಡಿಸಿದ ಕಾಲಕ್ಕೆ ಯಾವ ಡ್ರೈವರುಗಳನ್ನು ಅದರೊಳಗೆ ಇಟ್ಟಿದ್ದರೋ ಅವುಗಳಿಗೆ ನಿಲುಕುವ ಡಿಸ್ಕುಗಳು ಮಾತ್ರ ಅದಕ್ಕೆ ಗೋಚರವಾಗುತ್ತವೆ.

ಯಂತ್ರಾಂಶವು ಮುಂದೆ ಸಾಗಿ ಸ್ಥಾಪಕವು ಹಿಂದುಳಿದಾಗಲೆಲ್ಲ ಈ ವಿಘ್ನ ಮರುಕಳಿಸಿದೆ. 2001ರ ವಿಂಡೋಸ್ ಎಕ್ಸ್‌ಪಿಗೆ ಡಿಸ್ಕ್ ನಿಯಂತ್ರಣದ ಎಎಚ್‌ಸಿಐ ಎಂಬ ಪದ್ಧತಿಯ ಪರಿಚಯವಿರಲಿಲ್ಲ. ಆದಕಾರಣ ಸ್ಥಾಪನೆಯ ಆರಂಭದಲ್ಲಿಯೇ ಎಫ್6 ಕೀಲಿಯನ್ನೊತ್ತಿ ಫ್ಲಾಪಿಯಿಂದ ಡ್ರೈವರನ್ನು ಒದಗಿಸಬೇಕಾಗಿತ್ತು. ಫ್ಲಾಪಿಯು ಕಂಪ್ಯೂಟರುಗಳಿಂದ ಮರೆಯಾಗುತ್ತಿದ್ದ ದಿನಗಳಲ್ಲಿಯೂ ಆ ಸ್ಥಾಪಕವು ಫ್ಲಾಪಿಯನ್ನೇ ಕೇಳುತ್ತಿತ್ತು. ಪೆನ್‌ಡ್ರೈವಿನಿಂದ ಡ್ರೈವರನ್ನು ಪಡೆಯುವ ಸೌಲಭ್ಯ ದೊರೆತದ್ದು ವಿಂಡೋಸ್ ವಿಸ್ಟಾದಿಂದ. ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕುಗಳ ಮೊದಲ ಪ್ರಮಾಣಸಂಹಿತೆ ಪ್ರಕಟವಾದದ್ದು 2011ರಲ್ಲಿ. 2009ರಲ್ಲಿಯೇ ಹೊರಬಂದಿದ್ದ ವಿಂಡೋಸ್ 7 ಅವನ್ನು ಅರಿಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನು 2020ರಲ್ಲಿ ಬಂದ ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯ ಪ್ರೊಸೆಸರುಗಳ ಅನೇಕ ಲ್ಯಾಪ್‌ಟಾಪುಗಳಲ್ಲಿ, ವಿಂಡೋಸ್ 10ಕ್ಕೆ ಚಿರಪರಿಚಿತವಾದ ಎನ್‌ವಿಎಂಇ ಡಿಸ್ಕೇ ಇದ್ದರೂ, ಅದು ವಿಎಂಡಿ ಎಂಬ ನಿಯಂತ್ರಕದ ಹಿಂದೆ ನಿಂತಿರುವುದರಿಂದ ಸ್ಥಾಪಕದ ಕಣ್ಣಿಗೆ ಬೀಳದೆ ಹೋಗುತ್ತದೆ.

ಪರಿಹಾರದ ಮೊದಲ ಹೆಜ್ಜೆ ಪರೀಕ್ಷೆ. ಕಂಪ್ಯೂಟರನ್ನು ಚಾಲನೆಗೊಳಿಸಿದೊಡನೆ ಎಫ್2 ಅಥವಾ ಡಿಲೀಟ್ ಅಥವಾ ತಯಾರಕರು ಸೂಚಿಸಿದ ಕೀಲಿಯಿಂದ ಬಯೋಸ್ ಎಂಬ ಆರಂಭಿಕ ಹೊಂದಿಕೆಗಳ ಪುಟವನ್ನು ಪ್ರವೇಶಿಸಿ, ಅಲ್ಲಿ ಡಿಸ್ಕಿನ ಹೆಸರು ಕಾಣುವುದೇ ಎಂದು ನೋಡಬೇಕು. ಅಲ್ಲಿಯೂ ಕಾಣದಿದ್ದರೆ ಸಂಶಯ ಯಂತ್ರಾಂಶದ ಮೇಲೆಯೇ ತಿರುಗುತ್ತದೆ. ಕಂಡರೆ ಡ್ರೈವರನ್ನು ಅರಸತಕ್ಕದ್ದು. ವಿಎಂಡಿ ಇರುವ ಲ್ಯಾಪ್‌ಟಾಪಾದರೆ, ನಿಮ್ಮ ಮಾದರಿಗೆ ಸೇರಿದ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ. ಬಹುಜನರು ಎಡವುವುದು ಇಲ್ಲಿಯೇ: ಇಳಿಸಿಕೊಂಡ ಇಎಕ್ಸ್‌ಇ ಕಡತವನ್ನು ಹಾಗೆಯೇ ಇಟ್ಟರೆ ಸ್ಥಾಪಕವು ಅದನ್ನು ಓದಲಾರದು. ಅದನ್ನು ಬಿಡಿಸಿ, ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಎಂಬ ಕಡತಗಳಿರುವ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲಿಸಿ, 'ಲೋಡ್ ಡ್ರೈವರ್' ಎಂಬುದನ್ನೊತ್ತಿ ಆ ಫೋಲ್ಡರನ್ನು ತೋರಿಸಿದರೆ, ಡ್ರೈವರ್ ಸರಿಯಾದದ್ದಾಗಿದ್ದ ಪಕ್ಷದಲ್ಲಿ, ಬರಿದಾಗಿದ್ದ ಪಟ್ಟಿಯಲ್ಲಿ ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಬಯೋಸಿನಲ್ಲಿ ವಿಎಂಡಿಯನ್ನೇ ನಿಲ್ಲಿಸಿಬಿಡುವ ಮತ್ತೊಂದು ಮಾರ್ಗವುಂಟು. ಬರಿಯ ಡಿಸ್ಕಿಗೆ ಅದು ಸುಲಭೋಪಾಯವೇ ಸರಿ; ಆದರೆ ಹಳೆಯ ವಿಂಡೋಸ್ ಇನ್ನೂ ಬೇಕಾಗಿದ್ದಲ್ಲಿ ಅದು ಅಪಾಯಕರ. ಮುಂದಿನ ಸಲ ಆ ವಿಂಡೋಸ್ ತನ್ನ ಡಿಸ್ಕನ್ನೇ ಕಾಣದೆ ನೀಲಿ ಪರದೆಯಲ್ಲಿ ನಿಂತುಬಿಡಬಹುದು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇದ್ದಲ್ಲಿ ರಿಕವರಿ ಕೀಲಿಯನ್ನು ಕೇಳಬಹುದು. ಹಲವು ಡಿಸ್ಕುಗಳನ್ನು ರೇಯ್ಡಿನಲ್ಲಿ ಕೂಡಿಸಿದವರು ಈ ಮಾರ್ಗವನ್ನು ಹಿಡಿಯಲೇಬಾರದು.

ಯಂತ್ರವು ನಿಜವಾದುದಲ್ಲದೆ ಕಲ್ಪಿತವಾದಾಗಲೂ ನಿಯಮವಿದೇ. ಕೆವಿಎಂ ಎಂಬ ವರ್ಚುವಲ್ ಯಂತ್ರವ್ಯವಸ್ಥೆಯಲ್ಲಿ ವರ್ಟ್‌ಐಒ ಎಂಬ ಬಗೆಯ ಡಿಸ್ಕನ್ನು ಕೊಟ್ಟು ವಿಂಡೋಸನ್ನು ಸ್ಥಾಪಿಸುವವರು, ವರ್ಟ್‌ಐಒ ಡ್ರೈವರುಗಳ ಐಎಸ್‌ಒವನ್ನು ಎರಡನೆಯ ಸಿಡಿಯಾಗಿ ಜೋಡಿಸಿ ಅಲ್ಲಿಂದಲೇ ಡ್ರೈವರನ್ನು ಒದಗಿಸಬೇಕಾಗುತ್ತದೆ.

ಆದುದರಿಂದ ಶ್ರೋತೃಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹಳೆಯ ವ್ಯವಸ್ಥೆಯನ್ನು ಅಳಿಸುವ ಮುನ್ನವೇ ನಿಮ್ಮ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ, ಬಿಟ್‌ಲಾಕರ್ ಕೀಲಿಯನ್ನು ಬರೆದಿಟ್ಟುಕೊಳ್ಳಿ, ಡ್ರೈವರಿನ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಸಿದ್ಧವಾಗಿಡಿ, ಬಯೋಸಿನಲ್ಲಿ ಹೆಸರು ಕಾಣುತ್ತಿರುವ ಡಿಸ್ಕನ್ನು, ಡ್ರೈವರನ್ನು ಕೊಟ್ಟು ನೋಡದೆ, ಕೆಟ್ಟುಹೋಯಿತೆಂದು ಎಸೆಯಬೇಡಿ.