ಕಾವಲು ಕೋಣೆಯಲ್ಲಿ ರಾಮಾಯಣ: ಜಿ ಶಿಯಾನ್‌ಲಿನ್

ರಾಮಕಥೆಯ ಎಳೆಗಳು ಬೌದ್ಧ ಗ್ರಂಥಗಳ ಜೊತೆ ಮೂರನೆಯ ಶತಮಾನದಲ್ಲೇ ಚೀನಾ ತಲುಪಿದ್ದವು. ವಾಲ್ಮೀಕಿ ರಾಮಾಯಣದ ಏಳೂ ಕಾಂಡಗಳು ಚೀನೀ ಭಾಷೆಗೆ ಬಂದದ್ದು ಮಾತ್ರ 1980ರ ದಶಕದಲ್ಲಿ, ಜಿ ಶಿಯಾನ್‌ಲಿನ್ ಅವರಿಂದ.

ಜಿ 1911ರಲ್ಲಿ ಶಾನ್‌ಡಾಂಗ್ ಪ್ರಾಂತ್ಯದ ಲಿಂಚಿಂಗ್‌ನ ಬಡ ರೈತ ಕುಟುಂಬದಲ್ಲಿ ಹುಟ್ಟಿದರು. ಚಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಪಾಶ್ಚಾತ್ಯ ಸಾಹಿತ್ಯ. ಸಂಸ್ಕೃತ ಕೈಹಿಡಿದದ್ದು ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ. 1935ರಲ್ಲಿ ಅಲ್ಲಿಗೆ ಹೋದವರು ಯುದ್ಧದ ದೆಸೆಯಿಂದ ಹತ್ತು ವರ್ಷ ಉಳಿಯಬೇಕಾಯಿತು. ಗುರು ವಾಲ್ಡ್‌ಷ್ಮಿಟ್ ಸೇನೆಗೆ ಹೋದಾಗ, ನಿವೃತ್ತರಾಗಿದ್ದ ಎಮಿಲ್ ಜೀಗ್ ಮತ್ತೆ ಪಾಠಕ್ಕೆ ಬಂದರು. ಋಗ್ವೇದ ಕಲಿಸಿದ್ದು ಸಾಲದೆಂಬಂತೆ, ಮಧ್ಯ ಏಷ್ಯಾದ ಮೃತ ಭಾಷೆ ತೊಖಾರಿಯನ್ನನ್ನೂ ಕಲಿಯಲೇಬೇಕೆಂದು ಪಟ್ಟುಹಿಡಿದರು. ಜಿ 1941ರಲ್ಲಿ ಡಾಕ್ಟರೇಟ್ ಪಡೆದರು.

1946ರಲ್ಲಿ ತಾಯ್ನಾಡಿಗೆ ಮರಳಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪೌರಸ್ತ್ಯ ಭಾಷೆಗಳ ವಿಭಾಗ ಕಟ್ಟಿದರು. ಶಾಕುಂತಲ (1956), ಪಂಚತಂತ್ರ (1959), ವಿಕ್ರಮೋರ್ವಶೀಯಗಳ (1962) ಅನುವಾದಗಳು ಸಾಲಾಗಿ ಬಂದವು.

ಸಾಂಸ್ಕೃತಿಕ ಕ್ರಾಂತಿ ಬಂದಾಗ ಜಿ ಬಹಿರಂಗ ಅವಮಾನ, ಏಟು, ಸೆರೆ ಎಲ್ಲವನ್ನೂ ಉಂಡರು. ಬಿಡುಗಡೆಯಾದ ಪ್ರಾಧ್ಯಾಪಕರಿಗೆ ಕೊನೆಗೆ ಸಿಕ್ಕಿದ್ದು ವಿದ್ಯಾರ್ಥಿನಿಲಯದ ಬಾಗಿಲು ಕಾಯುವ, ಫೋನ್ ಎತ್ತುವ ಕೆಲಸ. 1973ರಲ್ಲಿ, ಬರುವ ನಂಬಿಕೆಯಿಲ್ಲದೆಯೇ, ಬರೋಡಾದ ರಾಮಾಯಣ ಪರಿಷ್ಕರಣವನ್ನು ಭಾರತದಿಂದ ತರಿಸಿಕೊಡುವಂತೆ ಕೇಳಿದರು. ಅದು ಬಂದೇ ಬಂತು! ಆದರೆ ದಪ್ಪ ಸಂಸ್ಕೃತ ಸಂಪುಟವನ್ನು ಕಾವಲು ಕೋಣೆಯಲ್ಲಿ ಬಿಚ್ಚಿ ಕೂರುವುದು ಅಪಾಯವನ್ನು ಕೈಬೀಸಿ ಕರೆದಂತೆ. ಅದಕ್ಕೆಂದೇ ರಾತ್ರಿ ಮನೆಯಲ್ಲಿ ಶ್ಲೋಕಗಳನ್ನು ಚೀನೀ ಗದ್ಯಕ್ಕಿಳಿಸಿ ಚೂರು ಕಾಗದಗಳಲ್ಲಿ ಬರೆದುಕೊಳ್ಳುತ್ತಿದ್ದರು. ಹಗಲು ಬಾಗಿಲ ಬಳಿ ಕೂತು, ಆಳು ಸುಳಿಯದ ಹೊತ್ತು ನೋಡಿ ಆ ಗದ್ಯವನ್ನು ಪದ್ಯ ಮಾಡುತ್ತಿದ್ದರು. ಅಚ್ಚಾಗುವ ಆಸೆಯಂತೂ ಇರಲಿಲ್ಲ.

ಗದ್ಯದಲ್ಲೇ ನಿಲ್ಲಿಸಿದ್ದರೆ ಕೆಲಸ ಹಗುರವಾಗುತ್ತಿತ್ತು. ಕಾವ್ಯ ಕಾವ್ಯವಾಗಿಯೇ ಬರಬೇಕೆಂದು ಅವರು ಎರಡು ಸಾಲಿನ ಶ್ಲೋಕಕ್ಕೆ ನಾಲ್ಕು ಸಾಲಿನ ಪ್ರಾಸಬದ್ಧ ಪದ್ಯವನ್ನು ಆರಿಸಿಕೊಂಡರು. ಯುದ್ಧ, ವಿರಹಗಳು ಹೇಗೋ ಸಾಗಿಯಾವು. ಮರ, ಆಯುಧ, ವಾನರರ ಹೆಸರುಗಳ ಉದ್ದುದ್ದ ಪಟ್ಟಿಗಳಿಗೆ ಪ್ರಾಸ ಹೊಂದಿಸುವುದೇ ದೊಡ್ಡ ಪೀಕಲಾಟ. ಇಡೀ ಕೆಲಸಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಕಾಲ ಬದಲಾಗಿ, 1980ರಿಂದ 1984ರವರೆಗೆ ಸಂಪುಟಗಳು ಹೊರಬಂದವು.

ಜೀಗ್ ಹಿಡಿದಿದ್ದ ಪಟ್ಟಿನ ಫಲ ಮತ್ತೂ ತಡವಾಗಿ ಬಂತು. ಷಿನ್‌ಜಿಯಾಂಗ್‌ನಲ್ಲಿ ಸಿಕ್ಕಿದ ತೊಖಾರಿಯನ್ ಮೈತ್ರೇಯಸಮಿತಿ ನಾಟಕದ ಹಾಳೆಗಳನ್ನು ಜಿ ಓದಿ, ಇಂಗ್ಲಿಷ್ ಅನುವಾದದೊಂದಿಗೆ 1998ರಲ್ಲಿ ಪ್ರಕಟಿಸಿದರು. ಸೆರೆಯ ದಿನಗಳ ನೆನಪುಗಳ ಪುಸ್ತಕ ಹೊರಬಂದದ್ದೂ ಅದೇ ವರ್ಷ. ಭಾರತ ಸರ್ಕಾರ 2008ರಲ್ಲಿ ಅವರಿಗೆ ಪದ್ಮಭೂಷಣ ನೀಡಿತು. 2009ರ ಜುಲೈ 11ರಂದು ಬೀಜಿಂಗ್‌ನಲ್ಲಿ ಅವರು ತೀರಿಕೊಂಡರು.