ತಾರೀಖಿನ ಜೊತೆಗೊಂದು ಹೊಣೆ



ನಮ್ಮ ಸಂಘದ ಈ ವರ್ಷದ ಕಾರ್ಯಕ್ರಮಗಳ ಪಟ್ಟಿ ನಿಮ್ಮ ಕೈಯಲ್ಲಿದೆ. ಒಂದೊಂದು ತಾರೀಖಿನ ಪಕ್ಕದಲ್ಲೂ ಚರಿತ್ರೆಯಲ್ಲಿ ಆ ದಿನ ಏನಾಯಿತೆಂದು ಬರೆದುಕೊಳ್ಳಿ.

ಅಕ್ಟೋಬರ್ 17ರಂದು ವಿದ್ಯಾರ್ಥಿವೇತನದ ಅರ್ಜಿ ತುಂಬುವ ಶಿಬಿರವಿದೆ. 1817ರ ಅದೇ ದಿನ ದೆಹಲಿಯಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ ಹುಟ್ಟಿದರು. ಅಲಿಘರ್‌ನಲ್ಲಿ ಅವರು 1875ರಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ ವಿಶ್ವವಿದ್ಯಾಲಯವಾದದ್ದು 1920ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ, 1898ರಲ್ಲೇ ತೀರಿಕೊಂಡಿದ್ದರು. ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಒಬ್ಬ ಮಹಿಳೆ, ಭೋಪಾಲದ ಸುಲ್ತಾನ್ ಜಹಾನ್ ಬೇಗಂ ಎಂಬುದನ್ನೂ ಮರೆಯಬೇಡಿ.

ನವೆಂಬರ್ 11ರಂದು ಪ್ರತಿಭಾ ಪುರಸ್ಕಾರ. 1888ರ ಆ ದಿನ ಮೆಕ್ಕಾದಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದ್ ಜನಿಸಿದರು. ಮನೆಯಲ್ಲೇ ಪಾಠ ಕಲಿತ ಅವರು ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರಾದರು. ಅವರ ಜನ್ಮದಿನವನ್ನು 2008ರಿಂದ ರಾಷ್ಟ್ರೀಯ ಶಿಕ್ಷಣ ದಿನವಾಗಿ ಆಚರಿಸಲಾಗುತ್ತಿದೆ.

ಅಂದು ವೇದಿಕೆ ಹತ್ತುವ ಮಕ್ಕಳಿಗೆ ಮನಸಾರೆ ಚಪ್ಪಾಳೆ ತಟ್ಟೋಣ. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿಯೂ ಮನೆಯಲ್ಲೇ ಉಳಿದ ಹುಡುಗಿಯ ಹೆಸರನ್ನು ಯಾವ ವೇದಿಕೆಯಲ್ಲೂ ಯಾರೂ ಕರೆಯುವುದಿಲ್ಲ. ಅವಳು ನಿಮ್ಮ ಓಣಿಯಲ್ಲೇ ಇರಬಹುದು, ನಿಮ್ಮ ಮನೆಯಲ್ಲೇ ಇರಬಹುದು. ಅವಳ ತಂದೆ ತಾಯಿಯೊಡನೆ ಒಮ್ಮೆ ಕುಳಿತು ಮಾತನಾಡಿ. ಶುಲ್ಕದ ಚಿಂತೆಯೋ, ಬಸ್ಸಿನ ತೊಂದರೆಯೋ, ಕೇಳಿ ತಿಳಿದುಕೊಂಡು ಸಂಘಕ್ಕೆ ತಿಳಿಸಿ.

ಸದಸ್ಯರು ತಲಾ ಒಬ್ಬಳನ್ನು ಮತ್ತೆ ಓದಿಗೆ ಕಳಿಸಿದರೆ, ಇನ್ಶಾ ಅಲ್ಲಾಹ್, ಈ ತಾರೀಖುಗಳನ್ನು ನಾವು ನಿಜವಾಗಿ ಆಚರಿಸಿದಂತೆ.