ಯಂತ್ರ ಗುತ್ತಿಗೆಗೆ ಹೋಗಲಿ, ಹೊಣೆ ಹೋಗಬಾರದು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮ್ಮ ರೇಶನ್, ಪಿಂಚಣಿ, ಭವಿಷ್ಯನಿಧಿ ಎಲ್ಲವೂ ಕಂಪ್ಯೂಟರಿನ ಮೂಲಕವೇ ಬರುತ್ತವೆ. ಅಂತಹ ಕಂಪ್ಯೂಟರ್ ವ್ಯವಸ್ಥೆಗಳನ್ನು ಕಟ್ಟುವ, ನಡೆಸುವ ಕೆಲಸವನ್ನು ಸರಕಾರಗಳು ಅನೇಕ ಕಡೆ ಖಾಸಗಿ ಕಂಪನಿಗಳಿಗೆ ವಹಿಸುತ್ತವೆ. ಇದರಿಂದ ಬಡವನಿಗೆ ಒಳಿತೋ ಕೆಡುಕೋ? ಊಹೆಯಿಂದ ಹೇಳುವುದು ಬೇಡ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನಡೆದುದನ್ನು ನೋಡೋಣ.

2006ರ ಡಿಸೆಂಬರಿನಲ್ಲಿ ಅಲ್ಲಿಯ ಗವರ್ನರ್ ಮಿಚ್ ಡೇನಿಯಲ್ಸರು ಐ.ಬಿ.ಎಂ. ಕಂಪನಿಯೊಡನೆ ಹತ್ತು ವರ್ಷಗಳ ಕರಾರು ಮಾಡಿಕೊಂಡರು. ಮೊತ್ತ ಸುಮಾರು 130 ಕೋಟಿ ಡಾಲರು. ಬಡವರ ಆಹಾರದ ನೆರವು, ಔಷಧೋಪಚಾರದ ನೆರವು, ನಗದು ನೆರವು, ಈ ಮೂರರ ಅರ್ಜಿಗಳೂ ಹೊಸ ವ್ಯವಸ್ಥೆಗೆ ಸೇರಿದವು. ಉದ್ದೇಶವೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹಳೆಯ ಕಚೇರಿಗಳಲ್ಲಿ ವಿಳಂಬವಿತ್ತು, ತಪ್ಪುಗಳಿದ್ದವು.

ಮೊದಲು ಪ್ರತಿ ಕುಟುಂಬಕ್ಕೂ ಗೊತ್ತಾದ ಒಬ್ಬ ನೌಕರನಿದ್ದ. ಅವನ ಮೇಜಿನ ಮುಂದೆ ನಿಂತು ಕೇಳಬಹುದಿತ್ತು. ಹೊಸ ಏರ್ಪಾಟಿನಲ್ಲಿ ಕೆಲಸ ತುಂಡುತುಂಡಾಯಿತು. ಕಾಗದಗಳೆಲ್ಲ ದೂರದ ಒಂದು ಕೇಂದ್ರಕ್ಕೆ, ಮಾತೆಲ್ಲ ಫೋನಿನಲ್ಲಿ, ಪ್ರತಿ ಸಲವೂ ಬೇರೆ ದನಿ. ಕಳಿಸಿದ ಕಾಗದ ಅಲ್ಲಿ ಕಳೆದುಹೋದರೂ, ಫೋನ್ ಬರುವ ಗಳಿಗೆ ತಪ್ಪಿದರೂ ‘ಸಹಕರಿಸಲಿಲ್ಲ’ ಎಂಬ ಕಾರಣ ಬರೆದು ನೆರವು ನಿಲ್ಲಿಸಿದರು. ವರ್ಜೀನಿಯಾ ಯೂಬ್ಯಾಂಕ್ಸ್ ಎಂಬ ಲೇಖಕಿ 2018ರ ತಮ್ಮ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾರೆ: 2006ರಿಂದ 2008ರವರೆಗೆ ತಿರಸ್ಕೃತವಾದ ಅರ್ಜಿಗಳು ಹತ್ತು ಲಕ್ಷಕ್ಕೂ ಹೆಚ್ಚು, ಹಿಂದಿನ ಮೂರು ವರ್ಷಗಳಿಗಿಂತ ಶೇಕಡಾ 54ರಷ್ಟು ಅಧಿಕ.

ಜನ ಸುಮ್ಮನಿರಲಿಲ್ಲ. ಸಭೆ ಸೇರಿದರು, ನ್ಯಾಯಾಲಯಕ್ಕೆ ಹೋದರು. 2009ರ ಅಕ್ಟೋಬರಿನಲ್ಲಿ ಡೇನಿಯಲ್ಸರೇ ಕರಾರನ್ನು ರದ್ದುಮಾಡಿದರು. ಯಾವ ಕಾಗದ ಬಾಕಿಯೆಂದು ತಿಳಿಸದ ನೋಟೀಸು ನ್ಯಾಯಸಮ್ಮತವಲ್ಲವೆಂದು 2012ರಲ್ಲಿ ಇಂಡಿಯಾನಾದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸರಕಾರಕ್ಕೂ ಕಂಪನಿಗೂ 2010ರಿಂದ ವರ್ಷಾನುಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ ಕಂಪನಿಯೇ ಕರಾರು ಮುರಿದದ್ದೆಂದು ತೀರ್ಮಾನವಾಗಿ, ಅದಕ್ಕೆ ಸಲ್ಲಬೇಕಾದದ್ದನ್ನು ಕಳೆದು, ಸುಮಾರು 7.8 ಕೋಟಿ ಡಾಲರು ತೆರಬೇಕಾಯಿತು. ಆ ಹಣ ಸೇರಿದ್ದು ಸರಕಾರದ ಖಜಾನೆಗೆ. ಔಷಧಿ ನಿಂತುಹೋದ ಮನೆಗೆ ಏನು ಸೇರಿತು?

ಹೋಟೆಲಿನಲ್ಲಿ ದುಡಿಯುವ ನಮಗೆ ಇದು ಬೇಗ ತಿಳಿಯುತ್ತದೆ. ಮಾಲಿಕನು ಹಿಟ್ಟು ರುಬ್ಬುವ ಕೆಲಸವನ್ನು ಗುತ್ತಿಗೆಗೆ ಕೊಡಬಹುದು. ಇಡ್ಲಿ ಹುಳಿಯಾದರೆ ಗಿರಾಕಿ ಬರುವುದು ಗಲ್ಲಾದ ಬಳಿಗೇ. “ಗುತ್ತಿಗೆದಾರನನ್ನು ಕೇಳಿ” ಎಂದರೆ ಯಾವ ಗಿರಾಕಿ ಒಪ್ಪಿಯಾನು?

ನಮ್ಮ ದೇಶದಲ್ಲಿ ಕಂಪ್ಯೂಟರಿನಿಂದ ಲಾಭವೂ ಆಗಿದೆ. ‘ಒಂದು ದೇಶ, ಒಂದು ರೇಶನ್ ಕಾರ್ಡ್’ ಯೋಜನೆ 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹರಡಿತು. ಆಹಾರ ಭದ್ರತೆಯ ಕಾರ್ಡು ಊರಿನದಾದರೂ ಇಲ್ಲಿಯ ರೇಶನ್ ಅಂಗಡಿಯಲ್ಲಿ ಬೆರಳೊತ್ತಿ ಧಾನ್ಯ ಪಡೆಯಬಹುದು. ಆದರೆ ಪಾತ್ರೆ ತೊಳೆದು, ನೂಲು ಹಿಡಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ? ಆಗ ಬರಿಗೈಯಲ್ಲಿ ತೆಪ್ಪಗೆ ಹಿಂತಿರುಗಬಾರದು. 2013ರ ಆಹಾರ ಭದ್ರತಾ ಕಾನೂನಿನಲ್ಲಿ ಪ್ರತಿ ಜಿಲ್ಲೆಗೂ ದೂರು ಪರಿಹಾರ ಅಧಿಕಾರಿಯ ಏರ್ಪಾಟಿದೆ. ಲಿಖಿತ ದೂರು ಕೊಡಬೇಕು. ಕಾರಣವನ್ನೂ ಬರವಣಿಗೆಯಲ್ಲೇ ಕೇಳಬೇಕು. ಬರೆಯಲು ಬಾರದವರಿಗೆ ಬಲ್ಲ ಸದಸ್ಯರು ಬರೆದುಕೊಡಬೇಕು.

ಕಂಪನಿ ಯಂತ್ರ ಕೊಡಲಿ. ಉತ್ತರ ಕೊಡುವವನು ಸರಕಾರದ ನೌಕರನೇ ಆಗಿರಲಿ. ಅವನ ಮೇಜು ನಾವು ನಡೆದುಹೋಗುವಷ್ಟು ಹತ್ತಿರವಿರಲಿ. ಇಷ್ಟನ್ನು ನಾವೆಲ್ಲರೂ ಒಕ್ಕೊರಲಿನಿಂದ ಕೇಳೋಣ.